ತರಗತಿಯಲ್ಲಿ ವಿಡಿಯೋ: ಮಾಡಬೇಕಾದ್ದು, ಮಾಡಬಾರದ್ದು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ, ಎಚ್‌ಎಂಗಳಿಗೆ, ತಂದೆತಾಯಿಗಳಿಗೆ.

ಪರದೆ ಹಚ್ಚುವ ಮೊದಲು ಇದನ್ನು ಓದಿ.

ಅಪಾಯ ಮೂರು. ನಮ್ಮ ಮಕ್ಕಳಿಗೆ ಸಿಗುವ ಕನ್ನಡ ಪಾಠದ ವಿಡಿಯೋ ಬಹುಪಾಲು ಕರ್ನಾಟಕದ ಪಠ್ಯಕ್ಕೆ ಮಾಡಿದ್ದು. ಅವರು ಬರೆಯುವುದು ತೆಲಂಗಾಣದ ಎಸ್ಸೆಸ್ಸಿ. ಬೇರೆ ಪಾಠ ಕಲಿತ ಮಗು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತದೆ. ಇಂಟರ್ನೆಟ್ಟಿಗೆ ನೇರ ಜೋಡಿಸಿದ ಪರದೆಯ ಮೇಲೆ ಯಾವ ಹೊತ್ತಿನಲ್ಲಿ ಏನು ಬೇಕಾದರೂ ಬರುತ್ತದೆ. ಮಗುವಿನ ಮುಖ ಒಮ್ಮೆ ವಾಟ್ಸ್‌ಆ್ಯಪಿಗೆ ಹೋದರೆ ಅದನ್ನು ಪೂರ್ತಿ ಹಿಂದಕ್ಕೆ ತರಲು ಯಾರಿಂದಲೂ ಆಗದು. ಇದನ್ನು ಇಲ್ಲಿ ಒಮ್ಮೆ ಹೇಳಿದೆ. ಕೆಳಗಿರುವುದು ಕೆಲಸ.

ಮಾಡಬೇಕಾದ್ದು

ಪುಸ್ತಕ ಮೊದಲು

• ವಿಡಿಯೋ ಹುಡುಕುವ ಮೊದಲು ತೆಲಂಗಾಣ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮ ಪುಸ್ತಕ ತೆರೆಯಿರಿ.

• ಪಾಠದ ಹೆಸರು, ಪುಟಸಂಖ್ಯೆ ಬರೆದಿಟ್ಟುಕೊಳ್ಳಿ.

• ಆ ಪುಟದಲ್ಲಿ ಕ್ಯೂಆರ್ ಕೋಡ್ ಇದ್ದರೆ ಅದನ್ನೇ ಮೊದಲು ಸ್ಕ್ಯಾನ್ ಮಾಡಿ. ದೀಕ್ಷಾ ಆ್ಯಪ್ ನೋಡಿ. ಯೂಟ್ಯೂಬ್ ಆಮೇಲೆ.

• ಕರ್ನಾಟಕದ ವಿಡಿಯೋ ಸಿಕ್ಕರೆ ಎರಡೂ ಪುಸ್ತಕಗಳ ಪಾಠದ ಪಟ್ಟಿ ಪಕ್ಕಪಕ್ಕ ಇಟ್ಟು ಹೋಲಿಸಿ. ಕರ್ನಾಟಕದ ಹತ್ತನೆಯ ಗಣಿತ ಎನ್‌ಸಿಇಆರ್‌ಟಿ ಪುಸ್ತಕದ್ದು. ತೆಲಂಗಾಣದ ಹತ್ತನೆಯ ಗಣಿತದಲ್ಲಿ ಗಣಗಳಿವೆ, ಲಾಗರಿದಮ್ ಇದೆ, ಗುಣೋತ್ತರ ಶ್ರೇಢಿ ಇದೆ; ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇವು ಇಲ್ಲ. 2020ರಲ್ಲಿ ಕೊರೊನಾ ಕಾಲಕ್ಕೆ ಚಂದನ ವಾಹಿನಿಯಲ್ಲಿ ಬಂದ ಸಂವೇದ ಪಾಠಗಳು ನಮ್ಮ ಎಷ್ಟೋ ಮನೆಗಳಿಗೆ ಆಸರೆಯಾದವು, ಸರಿ. ಆದರೆ ಈ ಮೂರು ಪಾಠಕ್ಕೆ ಆ ಆಸರೆ ಇಲ್ಲ. ಬೋರ್ಡಿನ ಮೇಲೆ ನೀವೇ ಮಾಡಿ.

• ವಿಜ್ಞಾನದಲ್ಲಿ ಭೌತವಿಜ್ಞಾನ, ಜೀವವಿಜ್ಞಾನ ಯಾವ ಪುಸ್ತಕದ ಯಾವ ಪಾಠಕ್ಕೆ ವಿಡಿಯೋ ಹೊಂದುತ್ತದೆ ಎಂದು ಬೇರೆಬೇರೆಯಾಗಿ ಗುರುತು ಹಾಕಿ. ಇಲ್ಲಿ ಎರಡು ಪುಸ್ತಕ, ಕರ್ನಾಟಕದಲ್ಲಿ ಒಂದೇ.

• ಟಿ-ಸ್ಯಾಟ್ ವಾಹಿನಿಯ ತೆಲುಗು ಪಾಠ ತೋರಿಸುವುದಾದರೆ ಪಾರಿಭಾಷಿಕ ಪದಗಳ ಪಟ್ಟಿ ಮೊದಲೇ ಬೋರ್ಡಿನ ಮೇಲೆ ಬರೆಯಿರಿ. ಪರದೆ ‘ಕಿರಣಜನ್ಯ ಸಂಯೋಗಕ್ರಿಯ’ ಎನ್ನುತ್ತದೆ, ಮಗು ಉತ್ತರಪತ್ರಿಕೆಯಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಬರೆಯಬೇಕು. ತೆಲುಗು ತಿಳಿಯುವ ಮಗುವಿಗೂ ಈ ಪಟ್ಟಿ ಬೇಕು.

• ವಿಡಿಯೋ ಯಾವ ವರ್ಷದ್ದು ನೋಡಿ. ತೆಲಂಗಾಣ ರಾಜ್ಯವಾದದ್ದು 2014ರ ಜೂನ್ 2ರಂದು. ಜೋಗುಲಾಂಬ ಗದ್ವಾಲ್ ಜಿಲ್ಲೆಯಾದದ್ದು 2016ರ ಅಕ್ಟೋಬರಿನಲ್ಲಿ, ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ. ಅದಕ್ಕೂ ಹಿಂದಿನ ನಕ್ಷೆಯಲ್ಲಿ ಮಗು ತನ್ನ ಜಿಲ್ಲೆಯನ್ನೇ ಕಾಣುವುದಿಲ್ಲ.

• ಸೌರಮಂಡಲದ ವಿಡಿಯೋದಲ್ಲಿ ಗ್ರಹ ಎಣಿಸಿ. ಒಂಬತ್ತಿದ್ದರೆ ಅದು 2006ಕ್ಕೆ ಹಿಂದಿನ ಲೆಕ್ಕ, ತೆಗೆದುಹಾಕಿ.

ಮೊದಲು ನೀವು ನೋಡಿ

• ಮೊದಲ ಸೆಕೆಂಡಿನಿಂದ ಕೊನೆಯ ಸೆಕೆಂಡಿನವರೆಗೆ, ಧ್ವನಿ ಸಮೇತ, ನೀವು ಒಬ್ಬರೇ ಕೂತು ನೋಡಿ.

• ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಿಮಿಷ, ಸೆಕೆಂಡು ಸಮೇತ ಬರೆದುಕೊಳ್ಳಿ.

• ಬೇಕಾದ ತುಂಡು ಮಾತ್ರ ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ. 2014ರಲ್ಲಿ ಎಡ್‌ಎಕ್ಸ್ ಆನ್‌ಲೈನ್ ಕೋರ್ಸುಗಳಲ್ಲಿ ಸುಮಾರು 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ತೆಗೆದು ಪರಿಶೀಲಿಸಿದಾಗ, ವಿಡಿಯೋ ಎಷ್ಟೇ ಉದ್ದವಿದ್ದರೂ ನೋಡುವವರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಅವರು ತಾವಾಗಿ ಕೋರ್ಸಿಗೆ ಸೇರಿದವರು. ನಮ್ಮ ಏಳನೇ ತರಗತಿಯ ಹುಡುಗನಿಗೆ ಅದಕ್ಕಿಂತ ಹೆಚ್ಚು ತಾಳ್ಮೆ ಇರಬೇಕೆಂದು ಬಯಸುವುದು ಅನ್ಯಾಯ.

• ಮೂರು ಪ್ರಶ್ನೆ ಬರೆಯಿರಿ: ನೋಡುವ ಮೊದಲು ಕೇಳಲು ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು.

ಶಿಕ್ಷಕರೂ ಪರದೆಯ ಮುಂದೆ ಕೂರಬೇಕೆಂಬುದು ಈ ನೆಲಕ್ಕೆ ಹೊಸ ಮಾತಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದ ಸೈಟ್ ಪ್ರಯೋಗದಲ್ಲಿ ಮಹಬೂಬ್‌ನಗರ ಜಿಲ್ಲೆ ಇತ್ತು, ಪಕ್ಕದ ರಾಯಚೂರೂ ಇತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಆಗ ಮಹಬೂಬ್‌ನಗರಕ್ಕೇ ಸೇರಿದ್ದವು. ಕನ್ನಡ, ತೆಲುಗು, ಹಿಂದಿ, ಒಡಿಯಾ ನಾಲ್ಕು ಭಾಷೆಗೆ ಬೆಳಗಿನ ಶಾಲಾ ಕಾರ್ಯಕ್ರಮ ತಲಾ 22.5 ನಿಮಿಷ. ಅದೇ ಪರದೆಯ ಮೂಲಕ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯೂ ನಡೆಯಿತು. ಶಿಕ್ಷಕರನ್ನು ಬದಿಗಿಟ್ಟು ಮಕ್ಕಳಿಗೆ ನೇರ ಪಾಠ ಮಾಡುತ್ತೇವೆಂದು ಅಂದಿನವರು ಹೊರಡಲಿಲ್ಲ.

ತೋರಿಸುವಾಗ

• ಪರದೆಯ ಪಕ್ಕದಲ್ಲಿ, ಮಕ್ಕಳ ಮುಖ ಕಾಣುವಂತೆ ನಿಲ್ಲಿ.

• ಕಣ್ಣು ಮಂದ, ಕಿವಿ ಮಂದ ಇರುವ ಮಕ್ಕಳನ್ನು ಮುಂದೆ ಕೂರಿಸಿ.

• ಪುಸ್ತಕದ ಆ ಪುಟ ಎಲ್ಲರ ಮುಂದೆ ತೆರೆದಿರಲಿ.

• ನಿಲ್ಲಿಸಿ. ಈ ಕಾಗದದಲ್ಲಿ ಒಂದೇ ಒಂದು ಸಾಲು ಓದಲು ಪುರುಸೊತ್ತು ಇದ್ದರೆ ಇದನ್ನು ಓದಿ. ಹೃದಯದ ಕವಾಟ ತೆರೆಯುವಲ್ಲಿ ನಿಲ್ಲಿಸಿ, ರಕ್ತ ಈಗ ಎತ್ತ ಹೋಗುತ್ತದೆ ಎಂದು ಕೇಳಿ. ಉತ್ತರ ಬರಲಿ, ತಪ್ಪೇ ಬರಲಿ. ಆಮೇಲೆ ಮುಂದಕ್ಕೆ ಬಿಡಿ. ಊಹಿಸಿ ನೋಡಿದ ಮಗು ಕಲಿಯುತ್ತದೆ. ಬರೀ ನೋಡಿದ ಮಗು ಮರೆಯುತ್ತದೆ.

• ಎರಡನೇ ಸಲ ಧ್ವನಿ ತೆಗೆದು ತೋರಿಸಿ, ಮಕ್ಕಳಿಂದಲೇ ಹೇಳಿಸಿ. ರಾಯಚೂರು ಕಡೆಯ ಮಾತಿನಲ್ಲಿ ಹೇಳಿದರೂ ಹೇಳಲಿ. ಪುಸ್ತಕದ ಪದ ನೀವು ಕೂಡಿಸಿ.

• ನಿರೂಪಕರ ಮಾತು ಅವಸರದ್ದಾದರೆ ವೇಗ 0.75ಕ್ಕೆ ಇಳಿಸಿ.

• ಮುಗಿದ ಕೂಡಲೇ ಪರದೆ ಆರಿಸಿ, ನೋಟ್‌ಬುಕ್ ತೆಗೆಸಿ, ಎರಡು ಸಾಲು ಬರೆಯಿಸಿ.

• ಅವತ್ತು ಬಾರದ ಮಕ್ಕಳ ಹೆಸರು ಗುರುತಿಟ್ಟು ಮರುದಿನ ಅವರಿಗೆ ತೋರಿಸಿ. ಹತ್ತಿ ಬಿಡಿಸುವ ಕಾಲಕ್ಕೆ ಈ ಪಟ್ಟಿ ಉದ್ದವಾಗುತ್ತದೆ.

ಕೈಯಲ್ಲೊಂದು ನಕಲು

• ಮನೆಯಲ್ಲೋ ಎಚ್‌ಎಂ ಕೋಣೆಯಲ್ಲೋ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತನ್ನಿ. ದೀಕ್ಷಾ ಆ್ಯಪ್‌ನಲ್ಲಿ ಡೌನ್‌ಲೋಡ್ ಸೌಲಭ್ಯವಿದೆ.

• ಪಾಠವಾರು ಫೋಲ್ಡರ್ ಮಾಡಿ, ಹೆಸರು ಕನ್ನಡದಲ್ಲಿ ಹಾಕಿ, ಎರಡನೇ ನಕಲನ್ನು ಶಾಲೆಯ ಬೀರುವಿನಲ್ಲಿಡಿ. ಸೈಟ್ ಪ್ರಯೋಗದ ಉಪಗ್ರಹ ಅಮೆರಿಕದ ನಾಸಾ ಒಂದು ವರ್ಷಕ್ಕೆ ಕೊಟ್ಟದ್ದು. ಅವಧಿ ಮುಗಿಯಿತು, ಉಪಗ್ರಹ ಹೋಯಿತು, ಹಳ್ಳಿಯ ಪರದೆಗೆ ಅದರಿಂದ ಬರುತ್ತಿದ್ದ ಪಾಠ ನಿಂತಿತು. ಇವತ್ತಿನ ಲಿಂಕ್ ಕೂಡ ನಾಳೆ ಅಲ್ಲಿರುತ್ತದೆಂಬ ಖಾತ್ರಿ ಇಲ್ಲ.

• ಕರೆಂಟು ಹೋದರೆ ಮಾಡುವ ಪಾಠವನ್ನು ಬೇರೆಯಾಗಿ ತಯಾರಿಟ್ಟುಕೊಳ್ಳಿ.

• ಟಿವಿ, ಪ್ರೊಜೆಕ್ಟರ್, ಐಎಫ್‌ಪಿ (ದೊಡ್ಡ ಟಚ್ ಪರದೆ) ಯಾವುದೇ ಇರಲಿ, ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿ.

• ಮಳೆಗಾಲದಲ್ಲಿ ಗೋಡೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಆ ಕೋಣೆಯ ಮೇನ್ ಸ್ವಿಚ್ ಆರಿಸಿ.

• ವೈರು ನೆಲದ ಮೇಲೆ ಬಿದ್ದಿದ್ದರೆ ಗೋಡೆಗೆ ಹೊಡೆಸಿ.

ನಮ್ಮೂರ ವಿಡಿಯೋ ನಾವೇ ಮಾಡಬೇಕು

ತೆಲಂಗಾಣದ ಪಠ್ಯಕ್ಕೆ ಕನ್ನಡದಲ್ಲಿ ವಿಡಿಯೋ ಮಾಡಲು ದೊಡ್ಡ ಕಂಪನಿ ಯಾವುದೂ ಬರುವುದಿಲ್ಲ. ಅವರಿಗೆ ಇಲ್ಲಿ ಗಿರಾಕಿ ಕಡಿಮೆ. ಮಕ್ತಲಿನ ಗಣಿತ ಶಿಕ್ಷಕರು ಮಾಡಿದ ಐದು ನಿಮಿಷ ಗದ್ವಾಲಿನ ಶಾಲೆಗೆ ಹೋಗಲಿ, ಅಲ್ಲಿಯ ಜೀವವಿಜ್ಞಾನ ಇಲ್ಲಿಗೆ ಬರಲಿ.

• ಗಣಗಳು, ಲಾಗರಿದಮ್, ಗುಣೋತ್ತರ ಶ್ರೇಢಿ: ಈ ಮೂರರಿಂದಲೇ ಶುರು ಮಾಡಿ.

• ಫೋನು ಅಡ್ಡ ಹಿಡಿಯಿರಿ, ಸ್ಟೂಲಿನ ಮೇಲೋ ಪುಸ್ತಕದ ರಾಶಿಯ ಮೇಲೋ ಕದಲದಂತೆ ನಿಲ್ಲಿಸಿ.

• ಫ್ಯಾನು ಆರಿಸಿ. ಧ್ವನಿ ಕೆಟ್ಟರೆ ವಿಡಿಯೋ ಕೆಟ್ಟಂತೆ. ಚಿತ್ರ ಸ್ವಲ್ಪ ಮಂಕಾದರೂ ನಡೆಯುತ್ತದೆ.

• ಬೋರ್ಡು ಮತ್ತು ಕೈ ಮಾತ್ರ ತೋರಿಸಿ.

• ಶುರುವಿನಲ್ಲೇ ತರಗತಿ, ಪಾಠ, ಪುಟಸಂಖ್ಯೆ ಹೇಳಿ.

• ಕೃಷ್ಣ ಮಂಡಲದ ಮುಡುಮಾಲಿನ ನಿಲುವುಗಲ್ಲುಗಳನ್ನು ಚಿತ್ರಿಸಿ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ. ಕಲ್ಲಿನ ಸಾಲಿಗೆ ಸೂರ್ಯ ಹೊಂದುವುದು ವರ್ಷದಲ್ಲಿ ಕೆಲವೇ ದಿನ. ಅವತ್ತು ಇಡೀ ತರಗತಿಯನ್ನು ಬೆಳಗಿನ ಜಾವ ಅಲ್ಲಿಗೆ ಒಯ್ಯಲಾಗದು, ಒಬ್ಬ ಶಿಕ್ಷಕ ಫೋನು ಹಿಡಿದು ಹೋಗಬಹುದು. ವಿಡಿಯೋದ ನಿಜವಾದ ಉಪಯೋಗ ಇಂಥದ್ದು.

• ಆಲಂಪುರದ ನವಬ್ರಹ್ಮ ಗುಡಿಗಳ ಪಾಠಕ್ಕೆ ಬಾದಾಮಿ, ಪಟ್ಟದಕಲ್ಲಿನ ವಿಡಿಯೋ ಜೊತೆಗಿಟ್ಟು ತೋರಿಸಿ. ಕಟ್ಟಿಸಿದ್ದು ಅದೇ ಬಾದಾಮಿ ಚಾಲುಕ್ಯರು. ಶಿಖರದಿಂದ ಶಿಖರಕ್ಕೆ ಹೋಲಿಕೆ ಮಕ್ಕಳೇ ಹುಡುಕಲಿ.

ಮಾಡಬಾರದ್ದು

ಮಗುವಿನ ಮುಖ

• ಪಾಠ ನಡೆಯುವಾಗ ಮಕ್ಕಳ ಮುಖ ಚಿತ್ರಿಸಿ ಸ್ಟೇಟಸ್ ಹಾಕುವುದು ಬೇಡ.

• ಬಾಯಿಮಾತಿನ ಒಪ್ಪಿಗೆ ಮೇಲೆ ಯಾವ ಮಗುವನ್ನೂ ವಿಡಿಯೋ ಮಾಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ, ಪೋಷಕರ ಒಪ್ಪಿಗೆ ಕೇಳುತ್ತದೆ. ಅಮ್ಮ ಆದರ್ಶ ಪಾಠಶಾಲಾ ಸಮಿತಿಯ ಸಭೆಯಲ್ಲಿ ವಿಷಯ ಇಟ್ಟು, ಕನ್ನಡದಲ್ಲಿ ಬರೆದ ಕಾಗದಕ್ಕೆ ಸಹಿ ಪಡೆಯದೆ ಕ್ಯಾಮೆರಾ ತೆರೆಯುವುದು ಬೇಡ.

• ತಪ್ಪು ಉತ್ತರ ಹೇಳಿದ, ಅಳುತ್ತಿರುವ, ಶಿಕ್ಷೆ ಅನುಭವಿಸುತ್ತಿರುವ ಮಗುವನ್ನು ಚಿತ್ರಿಸುವುದು ಬೇಡ. ತಮಾಷೆಗೂ ಬೇಡ. ಅಧಿಕಾರಿಗೆ ‘ಪುರಾವೆ’ ಕಳಿಸಲೂ ಬೇಡ.

• ಮಗುವಿನ ಹೆಸರು, ಊರು, ಶಾಲೆಯ ಬೋರ್ಡು ಮೂರೂ ಒಂದೇ ವಿಡಿಯೋದಲ್ಲಿ ಬರಬಾರದು.

• ಹೆಣ್ಣುಮಕ್ಕಳ ನೃತ್ಯ, ಆಟದ ವಿಡಿಯೋ ಎಲ್ಲರಿಗೂ ಕಾಣುವ ಯೂಟ್ಯೂಬ್ ಚಾನೆಲ್ಲಿಗೆ ಏರಿಸುವುದು ಬೇಡ.

• ನಿಮ್ಮ ಸ್ವಂತ ಚಾನೆಲ್ಲಿನ ವ್ಯೂ ಹೆಚ್ಚಿಸಲು ಸರ್ಕಾರಿ ತರಗತಿ ಬಳಸಬಾರದು.

ರೀಲ್ಸ್

• ‘ಪ್ರಾಜೆಕ್ಟ್ ವಿಡಿಯೋ’ ಎಂದು ಮಕ್ಕಳನ್ನಷ್ಟೇ ನದಿಗೆ ಕಳಿಸುವುದು ಬೇಡ. ಕೃಷ್ಣಾ–ಭೀಮಾ ಸಂಗಮಕ್ಕೆ ಬೇಡ, ಜುರಾಲಾ ಗೇಟಿನ ಹತ್ತಿರ ಬೇಡ, ಕಾಲುವೆ ದಂಡೆಗೆ ಬೇಡ.

• ಕೃಷ್ಣಾ ಸ್ಟೇಷನ್ ಬಳಿಯ ರೈಲ್ವೆ ಸೇತುವೆ ಮೇಲೆ ಫೋನು ಹಿಡಿದು ಹೋಗಬಾರದು. ಹೋದ ಹುಡುಗರ ಬಗ್ಗೆ ತಿಳಿದೂ ಸುಮ್ಮನಿರಬಾರದು.

• ಒಳ್ಳೆಯ ವಿಡಿಯೋ ಮಾಡಿದವರಿಗೆ ಅಂಕ ಎಂದು ಘೋಷಿಸಬಾರದು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಗು ಅಲ್ಲಿಗೇ ಸೋಲುತ್ತದೆ.

ಪರದೆ

• ತರಗತಿಯಲ್ಲಿ ನೇರ ಯೂಟ್ಯೂಬ್ ತೆರೆಯುವುದು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಆಟೋಪ್ಲೇ ಆರಿಸದೆ, ನಿರ್ಬಂಧಿತ ಮೋಡ್ ಹಾಕದೆ ತೆರೆಯಬಾರದು.

• ಹುಡುಕಾಟದ ಪುಟ ಮಕ್ಕಳ ಮುಂದೆ ತೋರಿಸುವುದು ಬೇಡ. ನಿಮ್ಮ ಹಳೆಯ ಹುಡುಕಾಟಗಳೂ ಅಲ್ಲೇ ಕಾಣುತ್ತವೆ.

• ಸ್ವಂತ ಫೋನನ್ನು ವಾಟ್ಸ್‌ಆ್ಯಪ್ ಸಂದೇಶ ಬರುತ್ತಿರುವಾಗ ದೊಡ್ಡ ಪರದೆಗೆ ಜೋಡಿಸಬಾರದು.

• ಪಟಪಟನೆ ಬೆಳಕು ಮಿನುಗುವ ಕಾರ್ಟೂನು ಬೇಡ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು–ನೀಲಿ ಬೆಳಕು ಮಿನುಗಿ ಸುಮಾರು 685 ಮಕ್ಕಳು ಆಸ್ಪತ್ರೆ ಸೇರಿದರು. ತರಗತಿಯಲ್ಲಿ ಮೂರ್ಛೆ ರೋಗದ ಮಗು ಇದೆಯೇ ಎಂದು ವಿಚಾರಿಸದೆ ಪರದೆ ಹಚ್ಚಬಾರದು.

• ಕತ್ತಲಿಗಾಗಿ ಕಿಟಕಿ, ಬಾಗಿಲು ಮುಚ್ಚುವುದು ಬೇಡ. ಮಾರ್ಚ್ ಮಧ್ಯದಿಂದ ಒಪ್ಪತ್ತಿನ ಶಾಲೆ ಮಾಡುವುದೇ ಬಿಸಿಲಿಗೆ ಹೆದರಿ. ಅದೇ ಮಕ್ಕಳನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಬೇಯಿಸಬಾರದು.

• ಪ್ರೊಜೆಕ್ಟರಿನ ಬೆಳಕಿನ ಕಡೆ ಕಣ್ಣಿಟ್ಟು ನೋಡಲು ಬಿಡಬಾರದು.

• ತಾನಾಗಿ ಮೂಡುವ ಕನ್ನಡ ಸಬ್‌ಟೈಟಲ್ ನಂಬುವುದು ಬೇಡ. ತಪ್ಪು ಕಾಗುಣಿತ ಪರದೆಯ ಮೇಲೆ ಕಂಡರೆ ಮಗು ಅದನ್ನೇ ಸರಿಯೆಂದುಕೊಳ್ಳುತ್ತದೆ.

• ಎಐ ಧ್ವನಿಯ ಪಾಠ, ಪುಸ್ತಕದೊಂದಿಗೆ ಸಾಲುಸಾಲಾಗಿ ತಾಳೆ ನೋಡದೆ ತೋರಿಸಬಾರದು.

• ಭಾರತದ ಗಡಿ ತಪ್ಪಾಗಿರುವ ವಿದೇಶಿ ನಕ್ಷೆಯ ವಿಡಿಯೋ ಬೇಡ.

ಪಾಠದ ಬದಲಿಗೆ

• ಎರಡು ಮೂರು ತರಗತಿಗೆ ಒಬ್ಬರೇ ಶಿಕ್ಷಕರಿದ್ದಾಗ ಒಂದು ತರಗತಿಗೆ ವಿಡಿಯೋ ಹಚ್ಚಿ ಇನ್ನೊಂದಕ್ಕೆ ಹೋಗುವುದು ಬೇಡ. ಹಾಗೆ ಮಾಡುವವರ ಕಷ್ಟ ಗೊತ್ತು. ಆದರೆ ಖಾಲಿ ಹುದ್ದೆಯನ್ನು ಪರದೆಯಿಂದ ಮುಚ್ಚಿದರೆ ಆ ಹುದ್ದೆ ಖಾಲಿ ಇದೆಯೆಂಬುದೇ ಮೇಲಿನವರಿಗೆ ಕಾಣುವುದಿಲ್ಲ. ಮಂಡಲ ಶಿಕ್ಷಣಾಧಿಕಾರಿಗೆ (ಎಂಇಒ) ಕಾಗದ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ.

• ಮಕ್ಕಳು ಸುಮ್ಮನೆ ಕೂತರೆಂದು ಪಾಠ ಆಯಿತೆಂದುಕೊಳ್ಳಬಾರದು. ಟಾಕೀಸಿನಲ್ಲೂ ಸುಮ್ಮನೇ ಕೂರುತ್ತಾರೆ.

• ಕೈಯಿಂದ ಮಾಡಬಹುದಾದ ಪ್ರಯೋಗವನ್ನು ವಿಡಿಯೋದಲ್ಲಿ ತೋರಿಸಿ ಮುಗಿಸಬಾರದು. ಅರಿಶಿನಕ್ಕೆ ಸೋಪಿನ ನೀರು ಹಾಕಿದರೆ ಕೆಂಪಾಗುತ್ತದೆ. ಇದಕ್ಕೆ ಡೇಟಾ ಬೇಡ.

• ನಾರಾಯಣಪೇಟೆಯ ಮಕ್ಕಳಿಗೆ ಮಗ್ಗದ ವಿಡಿಯೋ ಬೇಡ. ಗದ್ವಾಲಿನ ಮಕ್ಕಳಿಗೂ ಬೇಡ. ಮಗ್ಗ ಪಕ್ಕದ ಓಣಿಯಲ್ಲಿದೆ, ನಡೆಸಿಕೊಂಡು ಹೋಗಿ. ಲಾಳಿಯ ಸದ್ದು, ನೇಕಾರರ ಕೈ, ಗದ್ವಾಲ್ ಸೀರೆಯ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೇರುವ ಜಾಗ, ಇವನ್ನೆಲ್ಲ ಮುಟ್ಟಿ ನೋಡಬೇಕು.

• ಕನ್ನಡ ಭಾಷಾ ಪಾಠಕ್ಕೆ ಪದ್ಯದ ವಿಡಿಯೋ ಹಚ್ಚಿ ನೀವು ಓದದೆ ಇರುವುದು ಬೇಡ. ಸುತ್ತಲೂ ತೆಲುಗು ಇರುವ ಊರಿನಲ್ಲಿ ಮಗು ಓದುಗನ್ನಡ ಕೇಳುವುದು ನಿಮ್ಮ ಬಾಯಿಂದಲೇ.

• ತೆಲುಗು ವಿಡಿಯೋ ಸುಲಭಕ್ಕೆ ಸಿಗುತ್ತದೆಂದು ಇಡೀ ವರ್ಷ ಅದನ್ನೇ ತೋರಿಸಬಾರದು.

• ಉಳಿದ ಹತ್ತು ನಿಮಿಷಕ್ಕೆ ಸಿನಿಮಾ ಹಾಡು ಹಾಕುವುದು ಬೇಡ.

ಮನೆ

• ಪಾಠದ ಲಿಂಕ್ ಕಳಿಸಿ ‘ಮನೆಯಲ್ಲಿ ನೋಡಿ ಬನ್ನಿ’ ಎಂದು ಹೇಳಿ ಬಿಡಬಾರದು. ಫೋನು ಅಪ್ಪನ ಜೊತೆ ಹೊಲಕ್ಕೋ ಹೈದರಾಬಾದಿಗೋ ಹೋಗಿರುತ್ತದೆ.

• ತಂದೆತಾಯಿಗಳೇ, ‘ಸಾರ್ ಹೇಳಿದ ವಿಡಿಯೋ’ ಎಂದು ಹುಡುಗ ಹೇಳಿದರೆ ಪರದೆ ನೋಡದೆ ಫೋನು ಬಿಡಬೇಡಿ.

• ರಾತ್ರಿ ಮಲಗುವ ಜಾಗದಲ್ಲಿ ಫೋನು ಬೇಡ.

ನಕಲು, ಹಕ್ಕು

• ಬೇರೆಯವರ ಪಾಠವನ್ನು ಕತ್ತರಿಸಿ ನಿಮ್ಮ ಚಾನೆಲ್ಲಿಗೆ ಏರಿಸಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪಾಠದ ಸಲುವಾಗಿ ಶಾಲೆಯೊಳಗೆ ತೋರಿಸಲು ರಿಯಾಯಿತಿ ಕೊಡುತ್ತದೆ. ಆ ರಿಯಾಯಿತಿ ಶಾಲೆಯ ಗೇಟಿಗೆ ಮುಗಿಯುತ್ತದೆ.

• ಕೋಚಿಂಗ್ ಆ್ಯಪ್ ಮಾರುವವರಿಗೆ ಮಕ್ಕಳ ಹೆಸರು, ಪೋಷಕರ ಫೋನ್ ನಂಬರ್ ಕೊಡುವುದು ಬೇಡ. ಟಿವಿ ಉಚಿತ ಕೊಡುತ್ತೇವೆಂದರೂ ಬೇಡ.

ಕೈಮೀರಿದಾಗ

• ಮಗುವಿನ ವಿಡಿಯೋ ಹೊರಗೆ ಹೋಯಿತೆಂದು ತಿಳಿದ ಕ್ಷಣ ಗುಂಪಿನಿಂದ ‘ಎಲ್ಲರಿಗೂ ಅಳಿಸಿ’ ಒತ್ತಿ. ಸಭೆ ಆಮೇಲೆ ಕರೆಯಿರಿ.

• ತಂದೆತಾಯಿಗೆ ನೀವೇ ಹೇಳಿ. ಊರವರಿಂದ ಅವರಿಗೆ ತಿಳಿಯಬಾರದು.

• ಅಶ್ಲೀಲವಾದದ್ದಾಗಿದ್ದರೆ ಯಾರಿಗೂ ಫಾರ್ವರ್ಡ್ ಮಾಡುವುದು ಬೇಡ, ‘ನೋಡಿ ಹೀಗಾಗಿದೆ’ ಎಂದೂ ಬೇಡ. ಅಂಥದ್ದನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳುವುದೂ ಪೋಕ್ಸೋ ಕಾಯ್ದೆಯ 15ನೇ ಕಲಂ ಕೆಳಗೆ ಅಪರಾಧ.

• ಪೊಲೀಸರಿಗೆ ತಿಳಿಸಿ. ಅದೇ ಕಾಯ್ದೆಯ 19ನೇ ಕಲಂ ಪ್ರಕಾರ ಇದು ಕಡ್ಡಾಯ. ಶಾಲೆಯ ಹೆಸರು ಕೆಡುತ್ತದೆಂಬ ಕಾರಣ ನಡೆಯುವುದಿಲ್ಲ.

• ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸುವುದು ಬೇಡ.

• ಆ ಮಗುವಿನ ಹೆಸರನ್ನು ಸ್ಟಾಫ್ ರೂಮಿನಲ್ಲಿ, ಪತ್ರಿಕೆಯವರ ಮುಂದೆ, ಬಸ್ಸಿನಲ್ಲಿ ಹೇಳಬಾರದು.

• ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಿ. ನಂಬರನ್ನು ಪರದೆಯ ಚೌಕಟ್ಟಿನ ಮೇಲೆ, ಮಕ್ಕಳಿಗೂ ಕಾಣುವಂತೆ, ಇವತ್ತೇ ಅಂಟಿಸಿ.